ಇದು ಕೋಳಿ ಮೊಟ್ಟೆಯಲ್ಲ
ಲೆಪರ್ಡ್ ಗೆಕ್ಕೊ ಹಲ್ಲಿಯನ್ನು ಸಾಕುವ ಬಗೆಗಿನ ಲೇಖನ ಓದಿದೆ. ಅದನ್ನು ಸಾಕುವುದು ಸುಲಭ ಎಂಬ ಲೇಖಕರ ಮಾತನ್ನು ಒಪ್ಪುತ್ತೇನೆ. ಆದರೆ ಮೊಟ್ಟೆಗಳನ್ನು ದಿನವೂ ಹೊರಳಿಸಬೇಕು ಎಂದಿದ್ದಾರಲ್ಲ, ಅದು ಕೋಳಿ ಮೊಟ್ಟೆಯ ಲೆಕ್ಕ! ಇಲ್ಲಿ ಭ್ರೂಣ ಬೇಗನೆ ಒಳಪದರಕ್ಕೆ ಅಂಟಿಕೊಳ್ಳುತ್ತದೆ, ಹೊರಳಿಸಿದರೆ ಸಾಯಬಹುದು. ಮೊಟ್ಟೆ ಕಂಡ ಕೂಡಲೇ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಇದ್ದ ಭಂಗಿಯಲ್ಲೇ ಎತ್ತಿಡಬೇಕು.

ಕಾವಿನ ಉಷ್ಣಾಂಶವೇ ಮರಿಯ ಲಿಂಗವನ್ನು ನಿರ್ಧರಿಸುತ್ತದೆ ಎಂಬುದನ್ನೂ ಅವರು ಬಿಟ್ಟಿದ್ದಾರೆ. 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಹುತೇಕ ಹೆಣ್ಣು, 32ರ ಹತ್ತಿರ ಹೆಚ್ಚಾಗಿ ಗಂಡು. 34ಕ್ಕೆ ಏರಿದರೆ, ವಿಚಿತ್ರವೆಂದರೆ, ಮತ್ತೆ ಹೆಣ್ಣೇ ಹೆಚ್ಚು. ಇದು ತಿಳಿಯದೆ ಮೊದಲ ಸಲ ನನಗೆ ಸಿಕ್ಕಿದ್ದು ಗಂಡುಗಳ ದಂಡು. ಬೆಳೆದ ಗಂಡುಗಳು ಒಟ್ಟಿಗಿದ್ದರೆ ಕಚ್ಚಾಡುತ್ತವೆ, ಹಾಗಾಗಿ ಒಂದೊಂದಕ್ಕೂ ಬೇರೆ ಪೆಟ್ಟಿಗೆ ಹೊಂದಿಸಬೇಕಾಯಿತು.