‘ಮಾರ್ಕೆಟ್ ಪ್ರೈಸ್’ ಅಂತ ಒಂದು ಬೆಲೆಯೇ ಇಲ್ಲ

ಕ್ರಿಪ್ಟೊ ಆಪ್ ತೆರೆದ ಕೂಡಲೇ ದಪ್ಪ ಅಕ್ಷರದಲ್ಲಿ ಒಂದು ನಂಬರ್ ಕಾಣುತ್ತಲ್ಲ, ಅದನ್ನೇ ಈಗಿನ ಬೆಲೆ ಅಂತ ನಂಬಿ ಮಾರ್ಕೆಟ್ ಆರ್ಡರ್ ಒತ್ತುವವರೇ ಜಾಸ್ತಿ. ಕೊನೆಯ ವ್ಯವಹಾರ ಯಾವ ದರಕ್ಕೆ ಮುಗಿಯಿತೋ, ಆ ದರ ಅದು. ಬಿಟ್‌ಕಾಯಿನ್ ಆದರೆ ಒಂದು ಸೆಕೆಂಡ್ ಹಿಂದಿನದು. ರೂಪಾಯಿ ಜೋಡಿಯ (ನೇರ ರೂಪಾಯಿಯಲ್ಲೇ ಕೊಂಡು ಮಾರುವ) ಸಣ್ಣ ಕಾಯಿನ್ ಆದರೆ ಇಪ್ಪತ್ತು ನಿಮಿಷದ ಹಿಂದೆ ಯಾರೋ ಮುನ್ನೂರು ರೂಪಾಯಿಗೆ ಕೊಂಡ ದರವೂ ಇರಬಹುದು. ನಿಮ್ಮ ಪಾಲಿಗೆ ಬೀಳುವ ದರ ಇರೋದು ಆರ್ಡರ್ ಬುಕ್‌ನಲ್ಲಿ, ಅಂದರೆ ಯಾರು ಯಾವ ದರಕ್ಕೆ ಎಷ್ಟು ಕೊಳ್ಳಲು, ಮಾರಲು ಕಾದಿದ್ದಾರೆ ಅನ್ನುವ ಪಟ್ಟಿಯಲ್ಲಿ. ಆ ಟ್ಯಾಬನ್ನು ಯಾರೂ ತೆರೆಯುವುದಿಲ್ಲ.

ಮಾರ್ಕೆಟ್ ಆರ್ಡರ್ ಅಂದರೆ ಯಶವಂತಪುರ ಎಪಿಎಂಸಿಗೆ ಹೋಗಿ ‘ರೇಟ್ ಎಷ್ಟಾದ್ರೂ ಆಗ್ಲಿ, 50 ಮೂಟೆ ಈರುಳ್ಳಿ ಲೋಡ್ ಮಾಡ್ಸಿ’ ಅಂದ ಹಾಗೆ. ಮೊದಲ ಅಂಗಡಿಯಲ್ಲಿ 12 ಮೂಟೆಗೆ ಸ್ಟಾಕ್ ಖಾಲಿ. ಮುಂದಿನ ಅಂಗಡಿಯ ರೇಟ್ ಬೇರೆ, ಅದರ ಮುಂದಿನದು ಇನ್ನೂ ಮೇಲೆ. ಈರುಳ್ಳಿಗೆ ಹೀಗೆ ಹೇಳುವವರು ಯಾರೂ ಇಲ್ಲ. ಕಾಯಿನ್‌ಗೆ ಮಾತ್ರ ದಿನಾ ಹೇಳುತ್ತಾರೆ.

ಲೆಕ್ಕ ಹಾಕಿಯೇ ನೋಡೋಣ. ಒಂದು ಸಣ್ಣ ಕಾಯಿನ್, ಪರದೆಯ ಮೇಲೆ 99 ರೂಪಾಯಿ. ಮಾರುವವರ ಕಡೆ 99.60ಕ್ಕೆ 120 ಕಾಯಿನ್, 100.10ಕ್ಕೆ 200, 101.50ಕ್ಕೆ 150, ಆಮೇಲೆ 104ಕ್ಕೆ 500. ಕೊಳ್ಳುವವರ ಕಡೆ 98.40ಕ್ಕೆ 100, 97.90ಕ್ಕೆ 180, 96.50ಕ್ಕೆ 150, ಕೆಳಗೆ 94ಕ್ಕೆ 400. ನೀವು 50,000 ರೂಪಾಯಿಗೆ ಮಾರ್ಕೆಟ್ ಬೈ ಒತ್ತಿದಿರಿ. ಮೊದಲ ಮೂರು ಸಾಲು ಗುಡಿಸಿಕೊಂಡು ಹೋಗಲು 47,197 ರೂಪಾಯಿ, ಉಳಿದ 2,803 ರೂಪಾಯಿ ನೇರ 104ರ ಸಾಲಿಗೆ. ಕೈಗೆ ಬಂದದ್ದು ಸುಮಾರು 497 ಕಾಯಿನ್, ಸರಾಸರಿ 100.61. ತಪ್ಪಾಯಿತು ಅಂತ ಆ ಕ್ಷಣವೇ ಮಾರ್ಕೆಟ್ ಸೆಲ್ ಒತ್ತಿದರೆ ಅತ್ತಕಡೆಯ ಮೂರು ಸಾಲು ಮುಗಿದು, ಕೊನೆಯ 67 ಕಾಯಿನ್ 94ಕ್ಕೆ ಹೋಗುತ್ತವೆ. ವಾಪಸ್ ಬಂದದ್ದು ಸುಮಾರು 48,230. ಬೆಲೆ ಅಲ್ಲಾಡಿಲ್ಲ, ಯಾರೂ ಮೋಸ ಮಾಡಿಲ್ಲ, ಆದರೂ 1,770 ರೂಪಾಯಿ ಮಾಯ. ಇದರ ಮೇಲೆ ಎರಡೂ ಕಡೆಯ ಫೀ, ಫೀ ಮೇಲೆ 18% ಜಿಎಸ್‌ಟಿ, ಮಾರಿದ ಮೊತ್ತದ ಮೇಲೆ 1% ಟಿಡಿಎಸ್.

ಅದೇ ಬುಕ್‌ನಲ್ಲಿ 100.10ಕ್ಕೆ ಲಿಮಿಟ್ ಬೈ, ಅಂದರೆ ‘ಇದಕ್ಕಿಂತ ಹೆಚ್ಚು ಕೊಡಲ್ಲ’ ಅನ್ನುವ ಆರ್ಡರ್, ಹಾಕಿದ್ದರೆ? 99.60ರ 120, 100.10ರ 200 ತಕ್ಷಣ ಸಿಗುತ್ತಿತ್ತು. ಉಳಿದ 18,028 ರೂಪಾಯಿಯ ಆರ್ಡರ್ 100.10ರಲ್ಲೇ ಕಾಯುತ್ತ ಕೂರುತ್ತಿತ್ತು, ಅದೂ ಕೊಳ್ಳುವವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ. ಮಾರಲು ಬಂದ ಮುಂದಿನವನು ಮೊದಲು ನಿಮಗೇ ಕೊಡಬೇಕು. ಹೆಚ್ಚಿನವರಿಗೆ ಈ ಉಪಯೋಗ ಗೊತ್ತಿಲ್ಲ. ಲಿಮಿಟ್ ಅಂದರೆ ಬೆಲೆ ಇಳಿಯಲಿ ಅಂತ ಕಾದು ಕೂರುವುದು ಅಂದುಕೊಂಡಿದ್ದಾರೆ. ಅರ್ಜೆಂಟಿದ್ದರೂ ಲಿಮಿಟ್ಟೇ ಹಾಕಬಹುದು: ಬುಕ್ ನೋಡಿ, ಯಾವ ಸಾಲಿನವರೆಗೆ ಕೊಡಲು ಮನಸ್ಸಿದೆಯೋ ಆ ಸಾಲಿನ ದರ ಟೈಪ್ ಮಾಡಿ. ಮಾರ್ಕೆಟ್ ಆರ್ಡರ್‌ನಷ್ಟೇ ವೇಗ, ಆದರೆ ಮೇಲೆ ಒಂದು ಮುಚ್ಚಳ ಇರುತ್ತದೆ. ಐಒಸಿ (ಇಮ್ಮಿಡಿಯೇಟ್ ಆರ್ ಕ್ಯಾನ್ಸಲ್) ಆಯ್ಕೆ ಇದ್ದರೆ ಸಿಕ್ಕಷ್ಟು ಕೊಂಡು, ಮಿಕ್ಕಿದ್ದು ತಾನಾಗಿಯೇ ಕ್ಯಾನ್ಸಲ್ ಆಗುತ್ತದೆ. ಜಿಟಿಸಿ (ಗುಡ್ ಟಿಲ್ ಕ್ಯಾನ್ಸಲ್ಡ್) ಇದ್ದರೆ ನೀವಾಗಿ ತೆಗೆಯುವವರೆಗೂ ಅಲ್ಲೇ ಇರುತ್ತದೆ.

ಹಾಗಂತ ಮಾರ್ಕೆಟ್ ಆರ್ಡರ್ ಪಾಪ ಅಂತೇನೂ ಇಲ್ಲ. ದೊಡ್ಡ ಎಕ್ಸ್‌ಚೇಂಜ್‌ನಲ್ಲಿ ಬಿಟ್‌ಕಾಯಿನ್ ಮತ್ತು ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿಹಾಕಿದ ಕಾಯಿನ್) ಜೋಡಿಯ ಬುಕ್‌ನಲ್ಲಿ 20,000 ರೂಪಾಯಿಯ ಮಾರ್ಕೆಟ್ ಆರ್ಡರ್ ಸಮುದ್ರಕ್ಕೆ ಒಂದು ಚೊಂಬು ನೀರು ಸುರಿದಂತೆ. ಅಲ್ಲಿ ಲಿಮಿಟ್ ಹಾಕಿ ಹತ್ತು ಪೈಸೆ ಉಳಿಸಲು ಕಾಯುವುದು ಸುಮ್ಮನೆ ತಲೆನೋವು. ನನ್ನ ತಕರಾರು ಇರುವುದು ರೂಪಾಯಿ ಜೋಡಿಗಳ ಬಗ್ಗೆ. 2022ರ ಏಪ್ರಿಲ್‌ನಿಂದ ಲಾಭಕ್ಕೆ 30% ತೆರಿಗೆ, ಅದೇ ಜುಲೈ 1ರಿಂದ 1% ಟಿಡಿಎಸ್ ಬಂದ ಮೇಲೆ ದಿನಕ್ಕೆ ನೂರು ಸಲ ಕೊಂಡು ಮಾರಿ ಬುಕ್ಕನ್ನು ದಪ್ಪಗಿಡುತ್ತಿದ್ದವರಿಗೆ ಆ ಕೆಲಸ ಗಿಟ್ಟದಂತಾಯಿತು. ಬುಕ್ ತೆಳುವಾದರೆ ಸಾಲುಗಳ ನಡುವಿನ ಹಳ್ಳ ಅಗಲ. ಆ ಹಳ್ಳಕ್ಕೆ ಬಿದ್ದ ನಷ್ಟವನ್ನು ಇನ್ನೊಂದು ಕಾಯಿನ್‌ನ ಲಾಭದಲ್ಲಿ ಕಳೆಯಲೂ ಕಾನೂನು ಬಿಡುವುದಿಲ್ಲ.

ಆಪ್‌ಗಳ ‘ಇನ್‌ಸ್ಟಂಟ್ ಬೈ’ ಬಟನ್ ಇನ್ನೊಂದು ಕತೆ. ಅಲ್ಲಿ ನಿಮಗೆ ಬುಕ್ಕೇ ಕಾಣುವುದಿಲ್ಲ, ಅವರು ಹೇಳಿದ್ದೇ ದರ. ‘ಝೀರೋ ಫೀ’ ಅಂತ ಬರೆದಿದ್ದರೆ ಹೀಗೆ ಪರೀಕ್ಷೆ ಮಾಡಿ: ಒಂದೇ ಹೊತ್ತಿಗೆ ಕೊಳ್ಳುವ ದರ, ಮಾರುವ ದರ ಎರಡನ್ನೂ ಬರೆದುಕೊಂಡು ಕಳೆಯಿರಿ, ಕೊಳ್ಳುವ ದರದಿಂದ ಭಾಗಿಸಿ, ನೂರರಿಂದ ಗುಣಿಸಿ. ಬಂದ ನಂಬರೇ ಫೀ.

ತೆಳು ಬುಕ್‌ನಲ್ಲಿ ದೊಡ್ಡ ಮಾರ್ಕೆಟ್ ಆರ್ಡರ್ ಏನು ಮಾಡಬಲ್ಲದು ಅನ್ನೋದಕ್ಕೆ 2017ರ ಜೂನ್ 21 ಸಾಕು. ಅಮೆರಿಕದ ಜಿಡ್ಯಾಕ್ಸ್ ಎಕ್ಸ್‌ಚೇಂಜ್‌ನಲ್ಲಿ ಲಕ್ಷಾಂತರ ಡಾಲರ್‌ನ ಒಂದೇ ಒಂದು ಮಾರ್ಕೆಟ್ ಸೆಲ್ ಬಿದ್ದು, ಈಥರ್ 317.81 ಡಾಲರ್‌ನಿಂದ 224.48ಕ್ಕೆ ಜಾರಿತು. ಜಾರಿದ್ದಕ್ಕೆ ಸುಮಾರು 800 ಸ್ಟಾಪ್ ಲಾಸ್‌ಗಳು (ಬೆಲೆ ಇಷ್ಟಕ್ಕಿಳಿದರೆ ಮಾರು ಅನ್ನುವ ಆರ್ಡರ್‌ಗಳು) ಮತ್ತು ಮಾರ್ಜಿನ್ ಲಿಕ್ವಿಡೇಶನ್‌ಗಳು (ಸಾಲದಲ್ಲಿ ಕೊಂಡವರ ಮಾಲಿನ ಬಲವಂತದ ಮಾರಾಟ) ಒಂದರ ಹಿಂದೆ ಒಂದು ಸಿಡಿದು, ಒಂದು ಕ್ಷಣ ಬೆಲೆ 10 ಸೆಂಟ್ ಮುಟ್ಟಿತು. ತಳದಲ್ಲಿ ತಮಾಷೆಗೆ ಲಿಮಿಟ್ ಬೈ ಹಾಕಿಟ್ಟಿದ್ದವರಿಗೆ ಲಾಟರಿ. 2024ರ ಡಿಸೆಂಬರ್ 3ರ ರಾತ್ರಿ ದಕ್ಷಿಣ ಕೊರಿಯಾದಲ್ಲಿ ಮಿಲಿಟರಿ ಕಾನೂನು ಘೋಷಣೆಯಾದಾಗ ಅಲ್ಲಿನ ಅಪ್‌ಬಿಟ್ ಎಕ್ಸ್‌ಚೇಂಜ್‌ನಲ್ಲಿ ಬಿಟ್‌ಕಾಯಿನ್ ಸುಮಾರು 13 ಕೋಟಿ ವಾನ್‌ನಿಂದ 8.8 ಕೋಟಿಗೆ ಬಿತ್ತು. ಹೊರಗಿನ ಡಾಲರ್ ಬುಕ್‌ಗಳಲ್ಲಿ ಆ ಪ್ರಮಾಣದ ಕುಸಿತವೇ ಇರಲಿಲ್ಲ. ಸ್ಥಳೀಯ ಕರೆನ್ಸಿಯ ಬುಕ್ ಅಂದರೆ ಬೇರೆಯೇ ಕೆರೆ, ಅದು ಒಂಟಿಯಾಗಿಯೇ ಬತ್ತುತ್ತದೆ.

ಈಗ ಲಿಮಿಟ್‌ನಲ್ಲಿ ಆಗುವ ಎಡವಟ್ಟುಗಳು. ಕೆಟ್ಟದ್ದು ಸ್ಟಾಪ್-ಲಿಮಿಟ್‌ನಲ್ಲಿ: ಬೆಲೆ ಟ್ರಿಗರ್ ಮುಟ್ಟಿದ ಮೇಲೆ, ಲಿಮಿಟ್‌ಗಿಂತ ಕಡಿಮೆಗೆ ಮಾರದ ಆರ್ಡರ್ ಅದು. ಟ್ರಿಗರ್ 90, ಲಿಮಿಟ್ 89.90 ಅಂತ ಹಾಕಿ ನೆಮ್ಮದಿಯಾಗಿ ಮಲಗುತ್ತಾರೆ. ಬೆಲೆ 90.20ರಿಂದ ಒಂದೇ ನೆಗೆತಕ್ಕೆ 88.50ಕ್ಕೆ ಬಂದರೆ ಆರ್ಡರ್ ಎಚ್ಚರವಾಗುತ್ತದೆ, ಆದರೆ 89.90ಕ್ಕೆ ಕೊಳ್ಳುವವರೇ ಇಲ್ಲ. ಬೆಳಿಗ್ಗೆ ಎದ್ದಾಗ ಬೆಲೆ 80, ಕಾಯಿನ್ ಹಾಗೇ ಇದೆ. ಟ್ರಿಗರ್‌ಗೂ ಲಿಮಿಟ್‌ಗೂ ನಡುವೆ ಸಣ್ಣ ಕಾಯಿನ್‌ನಲ್ಲಿ ಕನಿಷ್ಠ 2ರಿಂದ 3% ಜಾಗ ಬಿಡಬೇಕು ಅನ್ನೋದು ನನ್ನ ಅಭಿಪ್ರಾಯ. ಜಾಗ ಬಿಟ್ಟ ಮಾತ್ರಕ್ಕೆ ಆ ಕೆಳಗಿನ ಲಿಮಿಟ್ ದರಕ್ಕೇ ಮಾರಾಟವಾಗುತ್ತದೆ ಅಂತಲ್ಲ. ಬುಕ್‌ನಲ್ಲಿ ಅದಕ್ಕಿಂತ ಒಳ್ಳೆಯ ದರ ಹೇಳಿದ ಕೊಳ್ಳುವವರಿದ್ದರೆ ಅವರೇ ಮೊದಲು ಸಿಗುತ್ತಾರೆ.

ಎರಡನೆಯದು ದಶಮಾಂಶ ಬಿಂದು. 100.10 ಅನ್ನುವ ಕಡೆ 1001 ಅಂತ ಹೊಡೆದರೆ, ಬೆಲೆ ಮಿತಿ ಹಾಕದ ಎಕ್ಸ್‌ಚೇಂಜ್‌ನಲ್ಲಿ ಅದು ಮಾರ್ಕೆಟ್ ಆರ್ಡರೇ. ಇದರ ತಮ್ಮ ಇನ್ನೊಂದಿದೆ: ಮಾರುವವರ ದರ ಮುಟ್ಟುವಂತೆ ಲಿಮಿಟ್ ಬೈ ಹಾಕಿದರೆ ಅದು ತಕ್ಷಣ ಹೊಂದಿಕೊಂಡು ಟೇಕರ್ ಫೀ (ಬುಕ್‌ನಲ್ಲಿದ್ದ ಆರ್ಡರ್ ಎತ್ತಿಕೊಂಡವರ ಫೀ) ಬೀಳುತ್ತದೆ, ಲಿಮಿಟ್ ಹಾಕಿದರೂ ಮೇಕರ್ ಫೀ (ಬುಕ್‌ನಲ್ಲಿ ಕಾದು ಕೂತವರ, ಸಾಮಾನ್ಯವಾಗಿ ಕಡಿಮೆಯ ಫೀ) ಯಾಕಿಲ್ಲ ಅಂತ ಸಪೋರ್ಟ್‌ಗೆ ಜಗಳ. ಮೇಕರ್ ಫೀಯೇ ಬೇಕಿದ್ದರೆ ‘ಪೋಸ್ಟ್ ಓನ್ಲಿ’ ಟಿಕ್ ಮಾಡಿ. ಅಂಥ ಆರ್ಡರ್ ತಕ್ಷಣ ಹೊಂದುವಂತಿದ್ದರೆ ರಿಜೆಕ್ಟ್ ಆಗುತ್ತದೆ.

ಲಿಮಿಟ್ ಬೈಗೆ ಇನ್ನೊಂದು ಗುಣವಿದೆ, ಅದು ಅಷ್ಟು ಒಳ್ಳೆಯದಲ್ಲ. ಬೆಲೆ ಏರಿದಾಗ ನಿಮ್ಮ ಆರ್ಡರ್ ಅಲ್ಲೇ ಉಳಿಯುತ್ತದೆ, ಬಿದ್ದಾಗ ಮಾತ್ರ ಪೂರ್ತಿ ತುಂಬುತ್ತದೆ. ಅಂದರೆ ನಿಮಗೆ ಬೇಡವಾದ ದಿನವೇ ಮಾಲು ಕೈಗೆ. ಮರೆತುಬಿಟ್ಟ ಹಳೆಯ ಜಿಟಿಸಿ ಆರ್ಡರ್‌ಗಳು ಹೀಗೇ ಕೈ ಸುಡುತ್ತವೆ. ಕ್ರಿಪ್ಟೊ ಬೆಲೆಯನ್ನೂ ಅಲ್ಲಾಡಿಸುವ ಅಮೆರಿಕದ ಸಿಪಿಐ (ಬೆಲೆ ಏರಿಕೆಯ) ಅಂಕಿ ನಮ್ಮ ಗಡಿಯಾರದಲ್ಲಿ ಬೇಸಿಗೆಯಲ್ಲಿ ಸಂಜೆ 6ಕ್ಕೆ, ಚಳಿಗಾಲದಲ್ಲಿ 7ಕ್ಕೆ ಹೊರಬೀಳುತ್ತದೆ. ಅದಕ್ಕೆ ಕೆಲವೇ ಕ್ಷಣ ಮೊದಲು ದೊಡ್ಡ ಮಾರ್ಕೆಟ್ ಮೇಕರ್‌ಗಳು (ಎರಡೂ ಕಡೆ ಆರ್ಡರ್ ಇಟ್ಟು ಬುಕ್ ತುಂಬಿಸುವ ಸಂಸ್ಥೆಗಳು) ತಮ್ಮ ಆರ್ಡರ್ ಎತ್ತಿಕೊಂಡು ಪಕ್ಕಕ್ಕೆ ನಿಲ್ಲುತ್ತಾರೆ, ಬುಕ್‌ನಲ್ಲಿ ಉಳಿಯುವುದು ಮರೆತವರ ಆರ್ಡರ್. ಆ ಹೊತ್ತಿಗೆ ಐದು ನಿಮಿಷ ಮೊದಲು ‘ಓಪನ್ ಆರ್ಡರ್ಸ್’ ಟ್ಯಾಬ್ ತೆರೆದು, ಅರ್ಧ ತುಂಬಿ ನಿಂತವನ್ನೂ ಸೇರಿಸಿ ಬೇಡದ್ದನ್ನು ಕ್ಯಾನ್ಸಲ್ ಮಾಡಿ. ಅವುಗಳಲ್ಲಿ ಲಾಕ್ ಆಗಿದ್ದ ರೂಪಾಯಿ ಆಗಲೇ ಬ್ಯಾಲೆನ್ಸ್‌ಗೆ ವಾಪಸ್ ಬರುವುದು.