ಸ್ಪಷ್ಟನೆ: ಲೆಟ್ಯೂಸ್ ಸೊಪ್ಪು, ಹಂದಿಮಾಂಸ ಮತ್ತು ಇಂಗಾಲದ ಲೆಕ್ಕ

‘ಲೆಟ್ಯೂಸ್ ಸೊಪ್ಪಿನಿಂದ ಹಂದಿಮಾಂಸಕ್ಕಿಂತ ಮೂರು ಪಟ್ಟು ಹೆಚ್ಚು ಹಸಿರುಮನೆ ಅನಿಲ ಹೊಮ್ಮುತ್ತದೆ, ಆದ್ದರಿಂದ ಸಸ್ಯಾಹಾರವೇ ಹವಾಮಾನಕ್ಕೆ ಹೆಚ್ಚು ಹಾನಿಕರ’ ಎಂಬ ಸಂದೇಶ ಹರಿದಾಡುತ್ತಿದೆ. ಪರಿಶೀಲಿಸದೆ ನಾನೂ ಅದನ್ನು ಹಂಚಿಕೊಂಡಿದ್ದೆ. ಅದರ ತೀರ್ಮಾನ ತಪ್ಪು.

ಇದರ ಮೂಲ 2015ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಹೊರಡಿಸಿದ ಪ್ರಕಟಣೆ. ಅಲ್ಲಿನ ಹೋಲಿಕೆ ಒಂದು ಊಟಕ್ಕೆ ಸಂಬಂಧಿಸಿದ್ದಲ್ಲ, ಪ್ರತಿ ಕ್ಯಾಲೊರಿಗೆ ಸಂಬಂಧಿಸಿದ್ದು. ಲೆಟ್ಯೂಸ್ ಬಹುಪಾಲು ನೀರೇ ಆಗಿರುವುದರಿಂದ ಅದರ 100 ಗ್ರಾಂನಲ್ಲಿ ಸುಮಾರು 15 ಕ್ಯಾಲೊರಿ ಮಾತ್ರ ಸಿಗುತ್ತದೆ. 500 ಕ್ಯಾಲೊರಿ ಪಡೆಯಲು ಮೂರು ಕಿಲೋಗೂ ಹೆಚ್ಚು ಸೊಪ್ಪು ತಿನ್ನಬೇಕು. ಮಾಂಸದ ಬದಲಿಗೆ ಜನ ತಟ್ಟೆಗೆ ಬಡಿಸಿಕೊಳ್ಳುವುದು ಕಾಳು, ಬೇಳೆ, ಸೋಯಾ; ಬರೀ ಸೊಪ್ಪನ್ನಲ್ಲ.

119 ದೇಶಗಳ ಸುಮಾರು 38,700 ಕೃಷಿ ಘಟಕಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 100 ಗ್ರಾಂ ಪ್ರೋಟೀನ್ ಉತ್ಪಾದನೆಯಲ್ಲಿ ಹೊಮ್ಮುವ ಅನಿಲದ ಸರಾಸರಿ ಪ್ರಮಾಣ, ಇಂಗಾಲದ ಡೈಆಕ್ಸೈಡ್‌ಗೆ ಸಮೀಕರಿಸಿ ಹೇಳುವುದಾದರೆ, ಬಟಾಣಿಗೆ 0.4 ಕಿಲೋ, ತೋಫುವಿಗೆ (ಸೋಯಾ ಹಾಲಿನಿಂದ ಮಾಡಿದ ಪನೀರ್‌ನಂಥ ಪದಾರ್ಥ) 2 ಕಿಲೋ, ಹಂದಿಮಾಂಸಕ್ಕೆ 7.6 ಕಿಲೋ, ಮಾಂಸಕ್ಕೆಂದೇ ಸಾಕಿದ ದನಗಳ ಮಾಂಸಕ್ಕೆ 50 ಕಿಲೋ. ವಿಮಾನದಲ್ಲಿ ತಂದ ತರಕಾರಿಯ ಹೊರೆ ಹೆಚ್ಚೆಂಬುದು ನಿಜ, ಆದರೆ ಅಷ್ಟರಿಂದ ಈ ಅಂತರ ಅಳಿಸಿಹೋಗುವುದಿಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.