ಟ್ಯಾಂಕ್ ಬರಿದಾದರೆ ಕೊಳವೆ ಬರಿದಾದಂತಲ್ಲ

ಅಮೆರಿಕ, ಕೆನಡಾಗಳಲ್ಲಿ ಚಳಿಗಾಲ ಸಮೀಪಿಸಿದಾಗಲೆಲ್ಲ, ಮೋಟರ್‌ಹೋಮ್‌ನ (ಅಡುಗೆಮನೆ, ಟಾಯ್ಲೆಟ್ ಇರುವ ಮನೆಯಂಥ ವಾಹನದ) ಕೊಳವೆಗಳು ಚಳಿಗೆ ಒಡೆಯದಿರಲು ನೀರಿನ ಟ್ಯಾಂಕ್ ಬರಿದುಮಾಡಿ ನಲ್ಲಿಗಳನ್ನು ತೆರೆದಿಟ್ಟರೆ ಸಾಕು ಎಂಬ ಸಂದೇಶ ವಾಹನ ಮಾಲೀಕರ ನಡುವೆ ಮತ್ತೆ ಹರಿದಾಡುತ್ತದೆ. ಈ ಮಾತು ಅರ್ಧ ಮಾತ್ರ ನಿಜ. ಪಂಪ್‌ನೊಳಗೆ, ಕೊಳವೆಯ ತಗ್ಗುಗಳಲ್ಲಿ, ಸಿಂಕ್ ಕೆಳಗಿನ ಬಾಗಿನಲ್ಲಿ ನೀರು ಉಳಿದೇ ಇರುತ್ತದೆ. ಹೆಪ್ಪುಗಟ್ಟುವಾಗ ಅದು ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ ಪ್ಲಾಸ್ಟಿಕ್ ಜೋಡಣೆಗಳು ಸೀಳಬಹುದು, ಮತ್ತು ಆ ಸೀಳು ಬಹಳಷ್ಟು ಸಲ ವಸಂತದಲ್ಲಿ ಮತ್ತೆ ನೀರು ತುಂಬಿಸಿದಾಗಲೇ ಗೊತ್ತಾಗುತ್ತದೆ.

ಇದನ್ನು ಯಾರು ಬೇಕಾದರೂ ಸ್ವತಃ ಪರೀಕ್ಷಿಸಬಹುದು. ಟ್ಯಾಂಕ್ ಬರಿದಾದ ಮೇಲೆ, ಪಂಪ್‌ಗೆ ಜೋಡಿಸಿರುವ ಫಿಲ್ಟರ್‌ನ ಪಾರದರ್ಶಕ ಬಟ್ಟಲನ್ನು, ಕೆಳಗೊಂದು ಬಟ್ಟೆ ಹಿಡಿದು, ನಿಧಾನವಾಗಿ ತಿರುಗಿಸಿ ಬಿಚ್ಚಿ ನೋಡಿ: ಅದರಲ್ಲಿ ಸಾಮಾನ್ಯವಾಗಿ ನೀರು ನಿಂತೇ ಇರುತ್ತದೆ.

ಆದ್ದರಿಂದ ವಾಟರ್ ಹೀಟರ್ ಪೂರ್ತಿ ತಣ್ಣಗಾದ ಮೇಲೆ ಅದನ್ನು ಬರಿದುಮಾಡಿ, ದ್ರವ ಹೀಟರ್‌ನೊಳಗೆ ಹೋಗದಂತೆ ಬೈಪಾಸ್ ಕವಾಟ ತಿರುಗಿಸಿ, ಕುಡಿಯುವ ನೀರಿನ ಕೊಳವೆಗಳಿಗೆಂದೇ ತಯಾರಿಸಿದ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ದ್ರವವನ್ನು (ಹೆಪ್ಪುಗಟ್ಟುವಿಕೆಯಿಂದ ಕೊಳವೆಗಳನ್ನು ಕಾಯುವ ದ್ರವ), ಬಿಸಿನೀರು, ತಣ್ಣೀರಿನ ಪ್ರತಿಯೊಂದು ನಲ್ಲಿಯಲ್ಲೂ ಆ ಬಣ್ಣ ಕಾಣುವವರೆಗೆ ಪಂಪ್ ಮೂಲಕ ಹಾಯಿಸಬೇಕು. ಟಾಯ್ಲೆಟ್ ಮತ್ತು ಹೊರಗಿನ ಶವರ್ ಮರೆತುಹೋಗುವುದೇ ಹೆಚ್ಚು. ಈ ದ್ರವದ ಬದಲು ಎಂಜಿನ್ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಮಾತ್ರ ಎಂದಿಗೂ ಬೇಡ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ. ಬಣ್ಣವನ್ನಷ್ಟೇ ನಂಬದೆ, ಡಬ್ಬಿಯ ಮೇಲಿನ ಹೆಸರನ್ನು ಓದಿಯೇ ಸುರಿಯಿರಿ.